ಮೂರನೇ ಚಿತ್ರ

ತಾರೀಖು ೧೭, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ತರಲೆಗೆ,

ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ ಎಂದು ಶುರುಮಾಡುವುದು ರೂಢಿ. ಈ ಸಲ ಎರಡನ್ನೂ ಬರೆಯಲು ಕೈ ಬರುತ್ತಿಲ್ಲ. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ತಡವಾಯಿತು, ಕ್ಷಮಿಸು ಎಂದರೆ ನೀನು "ಸೋಮಾರಿತನಕ್ಕೆ ನಿವೃತ್ತಿ ಇಲ್ವಾ ಚಿಕ್ಕಮ್ಮ" ಅನ್ನುತ್ತೀಯ. ಸೋಮಾರಿತನವಲ್ಲ ಕಣೆ. ನಡುವೆ ನಾಲ್ಕು ಸಲ ಫೋನ್ ಮಾಡಿದೆನಲ್ಲ? ನಾಲ್ಕು ಸಲವೂ ನಿನ್ನ ಅಡುಗೆಮನೆಯ ನಲ್ಲಿ ಸೋರುವುದು ನಿಂತಿತೇ ಎಂದು ಕೇಳಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದರೆ ನನ್ನ ಬಾಯಿಂದ ಸುಳ್ಳೇ ಬರುತ್ತದೆ. ಅದಕ್ಕೇ ಈ ಕಾಗದ.

ಇಲ್ಲಿಯ ಸಮಾಚಾರ ಹೆಚ್ಚೇನಿಲ್ಲ. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿ ಎಂಟು ತಿಂಗಳಾದರೂ ಬೆಳಿಗ್ಗೆ ಎದ್ದವಳೇ ವಿಕಿರಣ ಅಳೆಯುವ ಬ್ಯಾಡ್ಜು ಇದೆಯೇ ಎಂದು ಎದೆ ತಡವಿಕೊಳ್ಳುತ್ತೇನೆ. ಮಂಡಿ ನೋಯುತ್ತದೆ, ವಯಸ್ಸಾಗಿರುವುದು ಅದಕ್ಕೆ, ನನಗಲ್ಲ. ಹೃದಯದ ಚಿತ್ರ ತೆಗೆಯುವ ಕೋಣೆಗೆ ನನ್ನ ಜಾಗದಲ್ಲಿ ಬಂದಿರುವವಳು ವಾರಕ್ಕೊಮ್ಮೆ ಫೋನ್ ಮಾಡಿ ಅದು ಇದು ಕೇಳುತ್ತಾಳೆ. ಅಲ್ಲಿ ಈಗಲೂ ನನ್ನನ್ನು "ಬೋರಲಮ್ಮ" ಅಂತಲೇ ಕರೆಯುತ್ತಾರಂತೆ. ಕೊನೆಯ ಆರು ವರ್ಷ ಚಿತ್ರದಲ್ಲಿ ಒಂದು ಚೂರು ಮಸುಕು ಕಂಡರೂ ಸಾಕು, ಯಾವ ಹೆಂಗಸನ್ನೂ ಬೋರಲು ಮಲಗಿಸಿ ಇನ್ನೊಂದು ಚಿತ್ರ ತೆಗೆಯದೆ ಮನೆಗೆ ಕಳಿಸಲಿಲ್ಲವಲ್ಲ, ಅದಕ್ಕೆ. ಯಾಕೆ ಹಾಗೆ ಹಟ ಹಿಡಿದೆ ಎಂದು ಯಾರೂ ಕೇಳಲಿಲ್ಲ. ವಯಸ್ಸಾದವರಿಗೆ ಒಂದೊಂದು ಹುಚ್ಚು ಎಂದುಕೊಂಡರು.

ಈಗ ನಿನ್ನ ವಿಷಯ. ನಿನ್ನ ಕಾಗದವನ್ನು ಮಡಿಕೆ ಹರಿಯುವಷ್ಟು ಸಲ ಓದಿದ್ದೇನೆ. ಹೊಲಿಗೆ ಕಾರ್ಖಾನೆಯಲ್ಲಿ ಲಿಫ್ಟು ಬಟ್ಟೆಯ ಮೂಟೆಗಳಿಗೆ ಮಾತ್ರ, ಮೇಲ್ವಿಚಾರಕಿಯಾದ ನಿನಗೆ ಮೆಟ್ಟಿಲೇ ಗತಿ. ಮೂರನೇ ಮಹಡಿ ಹತ್ತುವಷ್ಟರಲ್ಲಿ ದವಡೆ ಎಳೆಯುತ್ತದೆ, ಬೆನ್ನಿನಲ್ಲಿ ಭುಜಗಳ ನಡುವೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗಾಗುತ್ತದೆ, ಕೂತರೆ ಹೋಗುತ್ತದೆ ಎಂದು ಬರೆದಿದ್ದೀಯ. ನಲವತ್ತೊಂದಕ್ಕೇ ಮುದುಕಿಯಾದೆ ಎಂದು ತಮಾಷೆ ಬೇರೆ. ನನಗೆ ನಗು ಬರಲಿಲ್ಲ. ನಿಮ್ಮೂರಿನ ಆಸ್ಪತ್ರೆಯವರು ಯಂತ್ರದ ಪಟ್ಟಿಯ ಮೇಲೆ ಓಡಿಸಿ ಒಂದು, ಸುಧಾರಿಸಿಕೊಂಡ ಮೇಲೆ ಒಂದು, ಹೀಗೆ ಎರಡು ಚಿತ್ರ ತೆಗೆದು ಕೊಟ್ಟ ವರದಿಯನ್ನು ಅಕ್ಷರ ಬಿಡದೆ ನಕಲು ಮಾಡಿ ಕಳಿಸಿದ್ದೀಯ. ಹೃದಯದ ಮುಂಗೋಡೆಯಲ್ಲಿ ಸ್ವಲ್ಪ ಮಸುಕು, ಬಹುಶಃ ಸ್ತನದ ನೆರಳು, ಬೇಕಿದ್ದರೆ ಬೋರಲು ಮಲಗಿಸಿ ಮೂರನೇ ಚಿತ್ರ ತೆಗೆಸಬಹುದು. ಬಹುಶಃ ಅಂತೆ, ಬೇಕಿದ್ದರೆ ಅಂತೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಾರೆ ಪುಣ್ಯಾತ್ಮರು.

ಅದರ ಕೆಳಗೆ ನೀನು ಬರೆದ ಸಾಲು ನನ್ನ ನಿದ್ದೆ ಕೆಡಿಸಿದೆ. "ಅಮ್ಮಂಗೂ ಮೂರನೇದು ತೆಗ್ದಿದ್ರಲ್ಲ ಚಿಕ್ಕಮ್ಮ. ಅದ್ರಲ್ಲೂ ನೆರಳು ಅಂತಲೇ ಬಂತು. ಏನು ಉಪಯೋಗ ಆಯ್ತು? ನಾನು ಮತ್ತೆ ಹೋಗಲ್ಲ."

ಈ ನೆರಳು ಎಂದರೇನು ಎಂದು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು, ನಾನು ಹೇಳುತ್ತೇನೆ ಕೇಳು. ಅವರು ಕೈಗೆ ಚುಚ್ಚುವ ಮದ್ದು ರಕ್ತದ ಜೊತೆ ಹೋಗಿ ಹೃದಯದ ಗೋಡೆಯಲ್ಲಿ ಕೂರುತ್ತದೆ. ಕ್ಯಾಮೆರಾ ಎದೆಯ ಸುತ್ತ ತಿರುಗಿ ಅದನ್ನು ಹಿಡಿಯುತ್ತದೆ. ಪರದೆಯ ಮೇಲೆ ಹೃದಯ ಒಂದು ಬಳೆಯ ಹಾಗೆ ಕಾಣುತ್ತದೆ. ರಕ್ತ ಚೆನ್ನಾಗಿ ಹೋದ ಕಡೆ ಕಿತ್ತಳೆ ಬಣ್ಣ, ಹೋಗದ ಕಡೆ ಮಸುಕು. ಆದರೆ ಹೆಂಗಸರಲ್ಲಿ ಕ್ಯಾಮೆರಾಕ್ಕೂ ಹೃದಯಕ್ಕೂ ನಡುವೆ ಎದೆಯ ಮಾಂಸ ಅಡ್ಡ ಇರುತ್ತದೆ. ರಕ್ತ ಸರಿಯಾಗಿ ಹರಿಯುತ್ತಿದ್ದರೂ ಮುಂಗೋಡೆ ಮಸುಕಾಗಿ ಕಾಣಬಹುದು. ಗಂಡಸರಿಗೂ ಹೊಟ್ಟೆಯ ಕಡೆಯಿಂದ ಕೆಳಗೋಡೆಯ ಮೇಲೆ ಇಂಥದೇ ನೆರಳು ಬೀಳುತ್ತದೆ. ಬೋರಲು ಮಲಗಿಸಿದರೆ ಅಡ್ಡ ಇದ್ದದ್ದು ಜರುಗುತ್ತದೆ. ಮಸುಕೂ ಜರುಗಿದರೆ ಅದು ನೆರಳು. ಅಲ್ಲೇ ಕೂತಿದ್ದರೆ ಅದು ಹೃದಯದ್ದು. ಇಷ್ಟೇ ವಿದ್ಯೆ, ಇಪ್ಪತ್ತು ನಿಮಿಷದ ಕೆಲಸ.

ಮೂವತ್ತು ವರ್ಷ ಆ ಕೋಣೆಯಲ್ಲಿ ನಾನು ಕಂಡದ್ದನ್ನು ಹೇಳಿದರೆ ನೀನು ಉರಿದುಬೀಳುತ್ತೀಯ. ಗಂಡಸಿನ ಚಿತ್ರದಲ್ಲಿ ಮಸುಕು ಕಂಡರೆ ಅದು ನೆರಳೆಂದು ಸಾಬೀತಾಗುವ ತನಕ ರೋಗ. ಹೆಂಗಸಿನದಾದರೆ ರೋಗವೆಂದು ಸಾಬೀತಾಗುವ ತನಕ ನೆರಳು. ಯಾರೂ ಹಾಗೆ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ನನಗೂ.

ನಿಮ್ಮಪ್ಪ ಅಮ್ಮನದೇ ನೋಡು. ಭಾವ ಅಚ್ಚುಕೂಟದಲ್ಲಿ ಕಾಗದದ ಕಟ್ಟು ಎತ್ತುವಾಗ ಎದೆ ಹಿಡಿದುಕೊಂಡು ಕೂತರು, ಬೆವರಿದರು, ಐದು ನಿಮಿಷಕ್ಕೆ ಸರಿಹೋದರು. ಕಣ್ಣಿಲ್ಲದವರಿಗೂ ಗೊತ್ತಾಗುತ್ತಿತ್ತು ಅದು ಹೃದಯ ಎಂದು. ಮರುದಿನವೇ ನಮ್ಮ ಕೋಣೆಗೆ ಬಂದರು. ಕೆಳಗೋಡೆಯಲ್ಲಿ ಮಸುಕಿತ್ತು. ದೊಡ್ಡ ಡಾಕ್ಟರು ಕುರ್ಚಿಯಿಂದ ಎದ್ದು ಬಂದು, ಬೋರಲು ಮಲಗಿಸಿ ಎಂದರು. ಮಲಗಿಸಿದೆ. ಮಸುಕು ಜರುಗಲಿಲ್ಲ. ಎರಡೇ ದಿನದಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಕೂರಿಸಿ ಮನೆಗೆ ಕಳಿಸಿದರು. ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾರೆ, ಇರಲಿ, ನೂರು ವರ್ಷ ಬಾಳಲಿ.

ಅಕ್ಕನಿಗೆ ಅದಕ್ಕೂ ಐದು ತಿಂಗಳ ಮುಂಚಿನಿಂದ ದವಡೆ ನೋವು. ಬಟ್ಟೆ ಒಗೆಯುವಾಗ, ಮೆಟ್ಟಿಲು ಹತ್ತುವಾಗ. ಹಲ್ಲಿನ ಡಾಕ್ಟರು ಹಲ್ಲು ಚೆನ್ನಾಗಿದೆ ತಾಯಿ ಎಂದರೂ ಹಟ ಹಿಡಿದು ಕೀಳಿಸಿಕೊಂಡಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಪ್ಪೇ ಮಾಡದ ಆ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಳು, ನೆನಪಿದೆಯಾ? ನೋವು ಹೋಗಲಿಲ್ಲ. ಮನೆ ಡಾಕ್ಟರು ಗ್ಯಾಸ್ ಎಂದು ಮಾತ್ರೆ ಕೊಟ್ಟರು, ಆಮೇಲೆ ಈ ವಯಸ್ಸಿನಲ್ಲಿ ಹೆಂಗಸರಿಗೆ ಇವೆಲ್ಲ ಇದ್ದದ್ದೇ ಎಂದರು. ಹೃದಯದ ಕೋಣೆಯಲ್ಲಿ ದುಡಿಯುವ ತಂಗಿ ಮನೆಯಲ್ಲೇ ಇದ್ದಳು, ಅವಳಿಗೂ ಹೊಳೆಯಲಿಲ್ಲ. ಭಾವನ ಸ್ಟೆಂಟ್ ಆದ ಮೇಲೆ ನನಗೆ ತಲೆಗೆ ಬಂತು. ಬೇಡ ಬೇಡ ಎಂದರೂ ಅವಳನ್ನು ಎಳೆದುಕೊಂಡು ಹೋದೆ.

ಅವಳ ಮುಂಗೋಡೆಯಲ್ಲಿ ಮಸುಕಿತ್ತು. ಓಡಿಸಿ ತೆಗೆದ ಚಿತ್ರದಲ್ಲಿ ಜಾಸ್ತಿ, ಸುಧಾರಿಸಿಕೊಂಡ ಮೇಲೆ ತೆಗೆದದ್ದರಲ್ಲಿ ಕಡಿಮೆ. ನೆರಳಾಗಿದ್ದರೆ ಎರಡರಲ್ಲೂ ಒಂದೇ ಸಮ ಇರಬೇಕಿತ್ತು, ಆ ಜಾಸ್ತಿ ಕಡಿಮೆಯಲ್ಲೇ ಎಲ್ಲ ಇತ್ತು. ಮಲಗುವಾಗ ಎದೆ ಸ್ವಲ್ಪ ಜರುಗಿರಬೇಕು ಎಂದು ಅದಕ್ಕೂ ಸಮಜಾಯಿಷಿ ಸಿಕ್ಕಿತು. ನೆರಳೆಂದು ವರದಿ ಹೋಯಿತು.

ಹನ್ನೊಂದನೇ ದಿನ ಬಚ್ಚಲುಮನೆಯಲ್ಲಿ ಬಕೆಟ್ ಎತ್ತಲು ಬಗ್ಗಿದವಳು ಏಳಲಿಲ್ಲ. ನೀನು ರೈಲು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತುರ್ತು ವಿಭಾಗದಲ್ಲಿ ಅವರು ಎದೆಯ ಮೇಲೆ ಯಂತ್ರ ಇಟ್ಟು ನೋಡುವಾಗ ನಾನು ಅವಳ ಕಾಲ ಹತ್ತಿರ ನಿಂತಿದ್ದೆ. ಪರದೆಯ ಮೇಲೆ ಹೃದಯ ಇನ್ನೂ ಅಷ್ಟಿಷ್ಟು ಮಿಸುಕುತ್ತಿತ್ತು. ಮುಂಗೋಡೆ ಮಾತ್ರ ಅಲುಗಲಿಲ್ಲ. ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಭಾವ ದೂರು ಕೊಟ್ಟದ್ದು ನಿನಗೆ ಗೊತ್ತೇ ಇದೆ. ವಿಚಾರಣೆಗೆಂದು ಮೂವರು ಕೂತು ಕಾಗದಪತ್ರ ತಿರುವಿಹಾಕಿದರು. ಮೂರನೇ ಚಿತ್ರ ತೆಗೆದಿದೆ ಎಂಬ ಚೌಕದಲ್ಲಿ ರೈಟ್ ಗುರುತಿತ್ತು. ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ, ಯಾರದೂ ತಪ್ಪಿಲ್ಲ ಎಂದು ಬರೆದು ಮುಗಿಸಿದರು. ಅವತ್ತಿನಿಂದ ಭಾವ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ, ಮೂರು ಚಿತ್ರ ತೆಗೆಸಿದೆವು, ಅವಳ ಹಣೆಬರಹ ಎಂದು. ಆ ಮಾತು ಹಿಡಿದುಕೊಂಡೇ ಅವರು ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ.

ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ನಿನ್ನ ದವಡೆ ನಿಮ್ಮಮ್ಮನ ದವಡೆ. ನೀನು ಹೋಗಬೇಕು. ಈ ವಾರವೇ ಹೋಗಬೇಕು. ಅಲ್ಲಿಯ ತನಕ ಆ ಮೆಟ್ಟಿಲು ಹತ್ತಬೇಡ, ಮೂಟೆಯ ಜೊತೆ ಮೂಟೆಯಾಗಿ ಲಿಫ್ಟಿನಲ್ಲಿ ಹೋಗು, ಯಾರು ಏನಂದರೂ ಅನ್ನಲಿ. ನೋವು ಕೂತ ಮೇಲೂ ಹೋಗದಿದ್ದರೆ ತಾರೀಖು ಕಾಯಬೇಡ, ನೇರ ತುರ್ತು ವಿಭಾಗಕ್ಕೆ ನಡೆ. ನಾಚಿಕೆ, ಸಂಕೋಚ ಒಂದೂ ಬೇಡ. ನೂರು ವರ್ಷ ಸುಖವಾಗಿ ಬಾಳು. ನಿನ್ನ ನಲ್ಲಿಯನ್ನು ನಾನೇ ಬಂದು ರಿಪೇರಿ ಮಾಡಿಸುತ್ತೇನೆ.

ಇತಿ,
ನಿನ್ನ ಚಿಕ್ಕಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲಿನದನ್ನೆಲ್ಲ ಓದಿಯೂ ನೀನು ಹೋಗುವುದಿಲ್ಲ. ಅಮ್ಮನಿಗೆ ಕೈಕೊಟ್ಟ ಚಿತ್ರ ನನಗೇಕೆ ಎನ್ನುತ್ತೀಯ. ನಿನ್ನ ಆ ಪ್ರಶ್ನೆಯನ್ನು ಬಿಟ್ಟು ಬೇರೆಲ್ಲದಕ್ಕೂ ಉತ್ತರ ಬರೆದಿದ್ದೇನೆ, ನೋಡಿದೆಯಾ?

ನಿಮ್ಮಮ್ಮನ ಮೂರನೇ ಚಿತ್ರವನ್ನು ನಾನು ತೆಗೆಯಲೇ ಇಲ್ಲ.

ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಹೊರಗೆ ಬೆಂಚಿನ ಮೇಲೆ ಇನ್ನೂ ಆರು ಜನ ಕಾಯುತ್ತಿದ್ದರು. ಬೋರಲು ಮಲಗೇ ಎಂದೆ. ಅವಳು ಆಗಲೇ ಎದ್ದು ಕೂತು ಗುಂಡಿ ಹಾಕಿಕೊಳ್ಳುತ್ತಿದ್ದಳು. "ಮತ್ತೆ ಬಿಚ್ಚಿ ಮಲಗ್ಬೇಕಾ? ನಿಮ್ಮ ಭಾವಂಗೆ ಊಟ ಕೊಡೋ ಹೊತ್ತಾಯ್ತು, ಮಾತ್ರೆ ಬೇರೆ ತಗೋಬೇಕು ಅವರು. ನೀನೇ ನೋಡಿದೀಯಲ್ಲೇ. ಏನಾದ್ರೂ ಇದ್ದಿದ್ರೆ ನೀನು ನನ್ನ ಬಿಡ್ತಿದ್ಯಾ?" ನಾನೂ ನೆರಳೆಂದೇ ನಂಬಿದ್ದೆ. ಹೋಗು ಎಂದೆ. ಚೌಕ ಖಾಲಿ ಇದ್ದರೆ ಫಾರಂ ವಾಪಸು ಬರುತ್ತದೆ, ಅದಕ್ಕೆ ರೈಟ್ ಗುರುತು ಹಾಕಿದೆ. ಸಾಲು ಉದ್ದವಿದ್ದ ದಿನ ಹೆಂಗಸರ ಫಾರಂಗಳಿಗೆ ನಾವೆಲ್ಲ ಹಾಗೆ ಹಾಕುತ್ತಿದ್ದೆವು, ನಾನೂ ಎಷ್ಟೋ ಸಲ ಹಾಕಿದ್ದೆ. ಡಾಕ್ಟರು ಫಾರಂ ನೋಡಿ "ನೆರಳೇ ತಾನೆ?" ಎಂದರು. "ಹೌದು ಸಾರ್" ಎಂದೆ.

ಆಮೇಲೆ ಆ ಮೂವರು ಕೇಳಿದಾಗ, ಚಿತ್ರ ಯಂತ್ರದಿಂದ ಅಳಿಸಿಹೋಗಿದೆ ಎಂದೆ. ಅವತ್ತು ಯಾರಾದರೂ ಕುಂಬಳಕಾಯಿ ಕಳ್ಳ ಎಂದಿದ್ದರೂ ಸಾಕಿತ್ತು, ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಯಾರೂ ಅನ್ನಲಿಲ್ಲ. ನಿಮ್ಮಪ್ಪ ನನ್ನ ಎರಡು ಕೈ ಹಿಡಿದುಕೊಂಡು, ನೀನಾದರೂ ಜೊತೆಗಿದ್ದೆಯಲ್ಲಮ್ಮ ಎಂದರು. ಅವರಿಗೂ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕಾಗಿತ್ತು, ಯಾಕೆಂದರೆ ನನ್ನ ಆ ಗುರುತನ್ನು ನಂಬಿ ಕೂತಿರುವವಳು ಈಗ ನೀನು.

ನಿಮ್ಮಮ್ಮನಿಗೆ ಆ ಚಿತ್ರ ಕೈಕೊಡಲಿಲ್ಲ ತರಲೆ, ನಾನು ಕೈಕೊಟ್ಟೆ. ಇನ್ನು ಮೇಲೆ ನನ್ನನ್ನು ಚಿಕ್ಕಮ್ಮ ಎನ್ನಬೇಡ, ನನ್ನ ಮುಖ ನೋಡಬೇಡ, ಅದೆಲ್ಲ ಆಮೇಲೆ. ಮೊದಲು ಹೋಗಿ ಬೋರಲು ಮಲಗು. ಮಸುಕು ಜರುಗಿತೋ ಇಲ್ಲವೋ, ಅಷ್ಟನ್ನು ಮಾತ್ರ ಒಂದು ಸಾಲು ಬರೆದು ಹಾಕು. ಕ್ಷೇಮ ಸಮಾಚಾರ ಕೇಳಬೇಡ, ಕೆಳಗೆ ಹೆಸರೂ ಬರೆಯಬೇಡ. ನಿನ್ನ ಕೈಬರಹ ನನಗೆ ಗೊತ್ತು.