ಮಡಿಕೆ ಬಿಡದ ಸೀರೆ

ತೀರ್ಥಹಳ್ಳಿ
ಬುಧವಾರ, ೧೨ ಫೆಬ್ರವರಿ ೨೦೨೫

ಅಮ್ಮಾ,

ಹಾಸ್ಟೆಲ್ಲಿನಿಂದ ನಿನ್ನ ಹರಿಪ್ರಿಯಾಳ ನಮಸ್ಕಾರ. ಅಜ್ಜಿಗೆ ಈ ಸಲ ನಮಸ್ಕಾರ ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಸ್ಪೀಕರ್ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಾನೆ. ಅದಕ್ಕೇ ಈ ಕಾಗದ. ನನ್ನ ರೂಮಿನ ಅಪೇಕ್ಷಾ ನಾಳೆ ಸಾಗರಕ್ಕೆ ಬರುತ್ತಾಳೆ, ಅವಳೇ ನಿನ್ನ ಕೈಗೆ ಕೊಡುತ್ತಾಳೆ.

ಬಟ್ಟೆ ವಿನ್ಯಾಸದ ಕ್ಲಾಸಿನಲ್ಲಿ ಈ ಸಲ ನಮಗೆ ಕೊಟ್ಟ ಕೆಲಸ ನಿನಗೆ ಗೊತ್ತೇ ಇದೆ. ಹೊಲಿಗೆ ಹಾಕದೆ, ಕತ್ತರಿಸದೆ, ಚಪ್ಪಟೆ ಬಟ್ಟೆಯನ್ನು ಎದ್ದು ನಿಲ್ಲಿಸಬೇಕು. ಮನೆಯ ಹಳೆಯ ಸೀರೆಯಾದರೆ ಒಳ್ಳೆಯದು ಎಂದರು ಶ್ರೀಕರ ಸರ್. ನಾನು ನಿನ್ನ ಹತ್ತಿರ ಯಾವುದಾದರೂ ಹತ್ತಿ ಸೀರೆ ಕೊಡು ಎಂದರೆ ನೀನು ಸೀದಾ ಪೆಟ್ಟಿಗೆಯಿಂದ ಧಾರೆ ಸೀರೆಯನ್ನೇ ತೆಗೆದುಕೊಟ್ಟೆ. "ಒಂದ್ಸಲ ಮಡಿಕೆ ಬಿದ್ರೆ ಹೋಗ್ತಿಲ್ಲೆ. ತಗಂಡ್ ಹೋಗು ಕೂಸೆ" ಎಂದೆ. ಧಾರೆ ಸೀರೆಯೇ ಸಿಕ್ಕಿದ ಖುಷಿಯಲ್ಲಿ ನಾನು ಆ ಮಾತಿಗೆ ಗಮನ ಕೊಡಲಿಲ್ಲ.

ಸೀರೆಯೊಳಗೆ ಅಂಟುವಾಳದ ಬೀಜ ಇಟ್ಟು, ಒಂದೊಂದಕ್ಕೂ ದಾರ ಬಿಗಿದು, ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸಿದೆ. ಆರಿದ ಮೇಲೆ ದಾರ ಬಿಚ್ಚಿ ಬೀಜ ತೆಗೆದರೆ ಸೀರೆ ಹಲಸಿನಕಾಯಿಯ ಮೈಯಂತೆ ಎದ್ದು ನಿಂತಿತ್ತು. ಎಷ್ಟು ಖುಷಿಯಾಗಿತ್ತು ಅಂತೀಯಾ! ಸರ್ ಬಂದು ನೋಡಿ, ರೇಷ್ಮೆ ನೀರು ಸೋಕಿದರೆ ಮತ್ತೆ ಚಪ್ಪಟೆಯಾಗುತ್ತದೆ, ಮುಂಚೆಯೇ ತಿಳಿದುಕೊಂಡಿರು ಎಂದರು. ಬಕೆಟ್ಟಿನಲ್ಲಿ ಅದ್ದಿದೆ. ಚಪ್ಪಟೆಯಾಗಲಿಲ್ಲ. ಹಿಂಡಿ ಒಣಗಿಸಿದರೂ ಒಂದು ಮುಳ್ಳೂ ಕೂರಲಿಲ್ಲ. ಸರ್ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಉಜ್ಜಿದರೆ ಬೂದಿಯಾಗಬೇಕು. ಇದು ಮುದುಡಿ, ಕರಗಿ, ಗಟ್ಟಿ ಕರಿ ಗುಂಡಾಯಿತು. ಪ್ಲಾಸ್ಟಿಕ್ಕಿನ ನಾತ. ಆ ನಾತ ಇನ್ನೂ ನನ್ನ ಮೂಗಿನಲ್ಲೇ ಕೂತಿದೆ.

ಅಂಗಡಿಯವನು ಅಜ್ಜಿಗೆ ಮೋಸ ಮಾಡಿರಬೇಕು ಎಂದೇ ಮೊದಲು ಅಂದುಕೊಂಡೆ, ಪಾಪ ಎಂದೂ ಅನಿಸಿತು. ದೊಡ್ಡಪ್ಪನದೂ ನಿಮ್ಮದೂ ಒಂದೇ ಚಪ್ಪರದ ಮದುವೆ, ಅಜ್ಜಿ ಧಾರೆ ಸೀರೆ ತಂದದ್ದೂ ಒಟ್ಟಿಗೇ. ಹಾಗಾದರೆ ಹೊಸನಗರದ ದೊಡ್ಡಮ್ಮನ ಸೀರೆಯೂ ಹೀಗೆಯೋ ಎಂದು ಅಜ್ಜಿಗೇ ಫೋನ್ ಮಾಡಿ ಕೇಳಿದೆ. ಅವಳು ನಕ್ಕಳು ಅಮ್ಮಾ. ದೊಡ್ಡಮ್ಮನದು ಅಸಲಿ ರೇಷ್ಮೆಯಂತೆ. ನಿನ್ನ ಮಾತು ಬಂದಾಗ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಪ್ಪನ ಮನೆಲಿ ಅದು ಎಷ್ಟು ರೇಷ್ಮೆ ಕಂಡಿತ್ತು? ಗುರ್ತ ಸಿಕ್ತಿಲ್ಲೆ ಹೇಳಿ ಎಂಗೆ ಗೊತ್ತಿತ್ತು." ನಿನಗೆ ಅಸಲಿ ನಕಲಿ ತಿಳಿಯದೆಂದು ಗೊತ್ತಿದ್ದೇ ತಂದಳಂತೆ.

ಹಬ್ಬಕ್ಕೆ, ಶ್ರಾದ್ಧಕ್ಕೆ ನೀನು ಅದನ್ನೇ ಉಟ್ಟು ಮಡಿಯಲ್ಲಿ ಅಡುಗೆ ಮಾಡುತ್ತಿದ್ದೆ. ಮಡಿಗೆ ರೇಷ್ಮೆಯೇ ಆಗಬೇಕು ಎಂದು ಪಾಠ ಹೇಳುತ್ತಿದ್ದವಳೂ ಅವಳೇ. ಶಾಲೆಯಿಂದ ಬಂದ ನಾನು ಸೆರಗು ಮುಟ್ಟಿದೆನೆಂದು ಚಳಿಯಲ್ಲಿ ನಿನ್ನ ಮೈಮೇಲೆ ತಣ್ಣೀರು ಹೊಯ್ಯಿಸಿದವಳೂ ಅವಳೇ. ಸೀರೆ ನಕಲಿ ಎಂದು ಗೊತ್ತಿದ್ದೂ ನೀನು ಬಡಿಸಿದ್ದನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡಳಲ್ಲ! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಹೇಸಿಗೆ.

ಅಪ್ಪನ ಮೇಲೆ ಇನ್ನೂ ಹೆಚ್ಚು ಹೇಸಿಗೆ. ಅಜ್ಜಿಯ ಕೈಯಿಂದ ಫೋನ್ ಕಿತ್ತುಕೊಂಡು, ಅದು ಹಳೇ ಕಥೆ, ಈಗ ಕೆದಕಬೇಡ ಎಂದ. ಹಳೇ ಕಥೆಯಾದರೆ ಅವನಿಗೆ ಮೊದಲೇ ಗೊತ್ತಿತ್ತು ಎಂದಾಯಿತಲ್ಲ. ನಿನಗೆ ಒಂದು ಮಾತು ಹೇಳಬೇಕು ಅನಿಸಲಿಲ್ಲವಾ ಅವನಿಗೆ?

ಈಗ ಕಷ್ಟ ನನ್ನದು. ಭಾನುವಾರ ಪ್ರದರ್ಶನ. ನೆಂಟರೆಲ್ಲ ಬರುತ್ತಾರೆ, ಅಜ್ಜಿಯೂ ಬರುತ್ತಾಳಂತೆ. ಪ್ರತಿ ಕೆಲಸದ ಕೆಳಗೆ ಯಾವ ಬಟ್ಟೆ ಎಂದು ಚೀಟಿ ಅಂಟಿಸಬೇಕು. ರೇಷ್ಮೆ ಎಂದೇ ಬರೆಯಬೇಕಂತೆ, ಅಜ್ಜಿಯ ಅಪ್ಪಣೆ. ಸುಳ್ಳು ಬರೆಯಲು ನನ್ನ ಕೈ ಏಳುವುದಿಲ್ಲ. ನಿಜ ಬರೆದರೆ ಅಷ್ಟು ಜನರ ಮುಂದೆ ನಿನ್ನ ಮುಖ ಏನಾಗುತ್ತದೋ ಎಂದು ಹೆದರಿಕೆ. ಇಷ್ಟು ವರ್ಷ ಜೋಪಾನ ಮಾಡಿದ ಸೀರೆ, ಅಂಟುವಾಳದ ನೊರೆಯಲ್ಲೇ ಒಗೆದ ಸೀರೆ. ನಿನಗೆ ನೋವಾಗುತ್ತದೆ ಎಂದಾದರೆ ಹೇಳಿ ಕಳಿಸು, ಚೀಟಿಯನ್ನೇ ಅಂಟಿಸುವುದಿಲ್ಲ. ಮಾರ್ಕ್ಸ್ ಹೋದರೆ ಹೋಗಲಿ.

ನಿನ್ನನ್ನು ಈಗಲೇ ನೋಡಬೇಕು ಅನಿಸುತ್ತಿದೆ.

ನಿನ್ನ ಕೂಸು,
ಹರಿಪ್ರಿಯಾ

ಮತ್ತೆ ಬರೆದದ್ದು: ಕಾಗದ ಮಡಚುವ ಮುಂಚೆ ಸೀರೆಯನ್ನು ಇನ್ನೊಮ್ಮೆ ಹರಡಿದೆ. ಸೊಂಟದೊಳಗೆ ಸಿಕ್ಕಿಸುವ ತುದಿಯಲ್ಲಿ ನೀನು ಕಸೂತಿ ಹಾಕಿದ ಪಾರಿಜಾತದ ಹೂವಿದೆಯಲ್ಲ, ಯಾರಿಗೂ ಕಾಣದ ಜಾಗದಲ್ಲಿ ಹೂ ಯಾಕೆ ಎಂದು ಅದರ ದಾರ ಸ್ವಲ್ಪ ಸರಿಸಿ ನೋಡಿದೆ. ಕೆಳಗೆ ಸುಟ್ಟ ತೂತು. ಸುತ್ತಲೂ ಅಂಚು ಕರಗಿ ಕರ್ರಗೆ ಗಟ್ಟಿಯಾಗಿದೆ. ಅಲ್ಲಿಗೆ ದೀಪದ ಕಿಡಿ ತಾಗುವ ಹಾಗೇ ಇಲ್ಲ. ನೀನು ಯಾವಾಗ ಕಡ್ಡಿ ಗೀರಿ ನೋಡಿದೆ ಅಮ್ಮಾ? ಎಷ್ಟು ವರ್ಷ ಗೊತ್ತಿದ್ದೇ ಅದನ್ನು ಉಟ್ಟು ಅವಳಿಗೆ ಬಡಿಸಿದೆ? ಮಡಿಕೆ ಬಿದ್ರೆ ಹೋಗ್ತಿಲ್ಲೆ ಎಂದದ್ದು ಈ ಪೆದ್ದಿಯ ತಲೆಗೆ ಈಗ ಹೋಯಿತು. ಉತ್ತರ ಬರೆಯಬೇಡ. ಚೀಟಿಯಲ್ಲಿ 'ಪಾಲಿಯೆಸ್ಟರ್' ಎಂದು ಬರೆದಾಯಿತು. ಭಾನುವಾರ ಅಜ್ಜಿಯ ಕೈ ಹಿಡಿದು ಕರೆದುಕೊಂಡು ಬಾ, ಅವಳ ಕನ್ನಡಕ ಮರೆಯಬೇಡಿ.