ಪಕ್ಕದಲ್ಲಿ ನಡೆಯುವ ಅಪ್ಪ

ಮನೆಯಿಂದ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ನಮ್ಮ ಎಂಜಿನ್ ರೂಮಿನ ಯಜಮಾನರಿಗೆ,

ಹೇಗಿದ್ದೀರಿ? ಹಡಗಿನ ಬಿಸಿ ಪೈಪು ತಗುಲಿ ಸುಟ್ಟಿದ್ದ ಕೈ ವಾಸಿಯಾಯಿತೇ? "ಏನಿಲ್ಲ, ಸ್ವಲ್ಪ" ಅಂದರೆ ನಾನು ನಂಬುವವಳಲ್ಲ. ನಿಮ್ಮ "ಸ್ವಲ್ಪ" ಎಷ್ಟಿರುತ್ತದೆಂದು ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ಇಲ್ಲಿ ಅತ್ತೆಯವರ ಮಂಡಿನೋವು ಕಡಿಮೆಯಾಗಿದೆ, ಬಾಯಿ ಎಂದಿನಂತೆ ಚುರುಕಾಗಿದೆ. ನೀವು ಅಳತೆ ಊಹಿಸಿ ಕಳಿಸಿದ ಫ್ರಾಕು ಪುಟ್ಟಿಗೆ ಬಿಗಿಯಾಯಿತು.

ವಿಡಿಯೋ ಎಡಿಟಿಂಗ್ ಸ್ಟುಡಿಯೋದಲ್ಲಿ ನನ್ನ ಕಲಿಕೆ ಸಾಗಿದೆ. ಓಡುವ ಚಿತ್ರದಿಂದ ಒಬ್ಬ ಮನುಷ್ಯನನ್ನು ಮಾತ್ರ ಬಿಡಿಸಿಕೊಳ್ಳುವುದಕ್ಕೆ ಮಾಸ್ಕ್ ಹಾಕುವುದು ಎನ್ನುತ್ತಾರೆ. ಅವನ ಸುತ್ತ ಚುಕ್ಕಿ ಇಟ್ಟು ಗೆರೆ ಎಳೆದರಾಯಿತು ಎಂದುಕೊಂಡಿದ್ದೆ. ಅವನು ಕೈ ಬೀಸಿದನೋ, ಗೆರೆಯೂ ಹಿಂದೆಯೇ ಹೋಗಬೇಕು. ಒಂದೊಂದು ಫ್ರೇಮಿನಲ್ಲೂ ಚುಕ್ಕಿಗಳನ್ನು ಎಳೆದು ಕೂರಿಸಬೇಕು. ಮೊದಲ ಕೆಲಸ ಸೋಫಾ ಅಂಗಡಿಯ ಜಾಹೀರಾತು. ಸೋಫಾ ಸಮೇತ ಗಿರಾಕಿ ಮೋಡದಲ್ಲಿ ತೇಲಬೇಕಿತ್ತು. ತೇಲಿದ, ಆದರೆ ಅರ್ಧ ದಾರಿಯಲ್ಲಿ ಅವನ ಕಿವಿ ಮಾಯ! ನನಗೆ ಕಲಿಸುವ ಹಿರಿಯ ಎಡಿಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರನ್ನು ಎಲ್ಲರೂ ಕತ್ತರಿ ಮಾಮ ಎನ್ನುತ್ತಾರೆ. "ಕಿವಿ ಹೋದ್ರೆ ಹೋಗ್ಲಿ ಬಿಡಮ್ಮಾ, ಸೋಫಾ ಚೆನ್ನಾಗಿ ಕಾಣ್ತಿದೆಯಲ್ಲ" ಅಂದರು. ಆಮೇಲೆ ಪಕ್ಕದಲ್ಲೇ ಕೂತು ಅಂಚನ್ನು ಮೆತ್ತಗೆ ಮಾಡುವುದು, ಕೂದಲನ್ನು ಬೇರೆಯಾಗಿ ಬಿಡಿಸುವುದು ತೋರಿಸಿಕೊಟ್ಟರು.

ಕೈ ಕುದುರಿದ ಮೇಲೆ ನನಗೊಂದು ಆಸೆ ಹುಟ್ಟಿತು. ನೀವು ಹೊರಟ ದಿನ ಬಂದರಿನಲ್ಲಿ ನಡೆಯುತ್ತಿದ್ದುದನ್ನು ಫೋನಿನಲ್ಲಿ ತೆಗೆದಿದ್ದೆನಲ್ಲ, ಅದರಿಂದ ನಿಮ್ಮನ್ನು ಬಿಡಿಸಿ, ಪುಟ್ಟಿ ಪಾರ್ಕಿನಲ್ಲಿ ನಡೆಯುವ ಇನ್ನೊಂದು ವಿಡಿಯೋದಲ್ಲಿ ಅವಳ ಪಕ್ಕಕ್ಕೆ ತಂದೆ. ಮೊದಮೊದಲು ನೀವು ನೆಲ ಮುಟ್ಟದೆ ಜಾರುತ್ತಿದ್ದಿರಿ. ಕಾಲಡಿಗೆ ನೆರಳು ಕೊಟ್ಟು, ಹೆಜ್ಜೆಗೆ ತಕ್ಕಂತೆ ಮುಂದೆ ಸರಿಸಿದೆ. ಅತ್ತೆಯವರು ಹತ್ತಿರ ಬಂದು ನೋಡಿದರು. ಪರದೆಯ ಧೂಳನ್ನು ಬೆರಳಿನಿಂದ ಒರೆಸಿದರು, ನಿಮ್ಮ ಮುಖವಿದ್ದಲ್ಲಿ ಮಾತ್ರ. ಪುಟ್ಟಿ "ಅಪ್ಪಾ!" ಎಂದು ಕುಣಿದಳು. ಎರಡನೇ ಸಲ ನೋಡುವಾಗ ಕುಣಿತ ನಿಲ್ಲಿಸಿ ಪರದೆಯತ್ತ ಬಗ್ಗಿದಳು. "ಅಪ್ಪ ನನ್ನ ನೋಡ್ತಾನೇ ಇಲ್ವಲ್ಲಮ್ಮಾ?" ನಿಜ, ನೀವು ಹಡಗಿನ ಕಡೆ ನೋಡುತ್ತಿದ್ದಿರಿ. ನಿಮ್ಮ ತಲೆಯನ್ನಷ್ಟೇ ಇನ್ನೊಂದು ಮಾಸ್ಕಿನಲ್ಲಿ ಬಿಡಿಸಿ ಅವಳತ್ತ ಬಾಗಿಸಿದೆ. "ಅಪ್ಪಂಗೆ ಕತ್ತು ಉಳುಕಿದೆ!" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. (ನಿಮ್ಮಮ್ಮನಲ್ಲ ರೀ, ನಾನು ಅತ್ತದ್ದು.)

ಕತ್ತರಿ ಮಾಮನಿಗೆ ತೋರಿಸಿದರೆ ಅವರು ನಗಲಿಲ್ಲ. "ಕೆಲಸ ಚೊಕ್ಕವಾಗಿದೆ. ಆದ್ರೆ ನೋಟ ನಾವು ಮಾಡಿ ಕೊಡೋಕಾಗಲ್ಲಮ್ಮಾ, ಅದು ಅವರೇ ನೋಡ್ಬೇಕು" ಅಂದರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯವರ ಆಶೀರ್ವಾದ ಇದರ ಜೊತೆಗಿದೆ. ಕಾಗದದ ಮೂಲೆಯ ಒದ್ದೆ ಗುರುತು ಪುಟ್ಟಿಯ ಮುತ್ತು.

ನಿಮ್ಮವಳು

ಹೇಳಲು ಮರೆತೆ: ಹಡಗಿನ ಮುಂದಿನ ಒಪ್ಪಂದಕ್ಕೆ ಸಹಿ ಹಾಕಲೇ ಎಂದು ಕೇಳಿದ್ದಿರಲ್ಲ, ಹಾಕಬೇಡಿ. ಆ ವಿಡಿಯೋವನ್ನು ಕತ್ತರಿ ಮಾಮ ಮಾಲೀಕರಿಗೆ ತೋರಿಸಿದರು. ನನ್ನನ್ನು ಕೆಲಸಕ್ಕೆ ಕಾಯಂ ಮಾಡಿಕೊಂಡಿದ್ದಾರೆ. ಇಲ್ಲಿನ ವರ್ಕ್‌ಶಾಪಿನಲ್ಲಿ ನಿಮಗೊಂದು ಕೆಲಸ ಸಿಗುವವರೆಗೆ ನನ್ನ ಸಂಬಳದಲ್ಲಿ ಮನೆ ನಡೆಯುತ್ತದೆ. ಅತ್ತೆಯವರನ್ನೂ ಕೇಳಿದೆ. "ಮೊದ್ಲು ಮನೆಗೆ ಬರ್ಲಿ, ಮಿಕ್ಕಿದ್ದು ಆಮೇಲೆ" ಅಂದರು. ಬಂದುಬಿಡಿ. ನಿಮ್ಮನ್ನು ಕತ್ತರಿಸಿ ಅಂಟಿಸಿ ನನಗೆ ಸಾಕಾಗಿದೆ.