ರೇವಮ್ಮನ ಬಲಬೆನ್ನಿನ ಚಿತ್ರ

ಕಮಲಾಪುರ
೯ ಜನವರಿ ೨೦೨೫

ತಮ್ಮ ವಿವೇಕಾನಂದನಿಗೆ ಶೀಲಕ್ಕನ ಶರಣು.

ನಿನ್ನ ಪೂಜೆಯ ಕಾರ್ಡು ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತು, ಕ್ಷಮಿಸು. ಕ್ಷಮೆ ಕೇಳುವುದು ಅದೊಂದಕ್ಕೇ. ನಿನ್ನ ಫೋನು ಎತ್ತದಿರುವುದು ಬೇಕೆಂತಲೇ. ಫೋನಿನಲ್ಲಿ ನೀನು ನಕ್ಕು ಮಾತು ಹಾರಿಸುತ್ತೀ, ಕಾಗದವನ್ನಾದರೂ ಪೂರ್ತಿ ಓದಬೇಕಾಗುತ್ತದೆ.

ಸೇಡಂ ರಸ್ತೆಯ ನಿನ್ನ ಹೊಸ ಸ್ಕ್ಯಾನಿಂಗ್ ಸೆಂಟರಿನ ಪೂಜೆಗೆ ನಾನು ಬರುವುದಿಲ್ಲ. ಹಳೆಯದರಲ್ಲಿ ಸಿಕ್ಕ ಮರ್ಯಾದೆಯೇ ಸಾಕು. ನಿನ್ನ ಹೆಂಡತಿ ಜಯದೇವಿ, "ಅಕ್ಕಾರ, ಸಣ್ಣ ಮಾತಿಗಿ ಇಷ್ಟ ಸಿಟ್ಟು ಮಾಡ್ಕೋಬ್ಯಾಡ್ರಿ" ಎಂದು ಹೇಳಿಕಳಿಸಿದ್ದಾಳೆ. ಸಣ್ಣದೋ ದೊಡ್ಡದೋ ನೀನೇ ನೋಡು.

ರೇವಮ್ಮ ನಮ್ಮ ಆಸ್ಪತ್ರೆಗೆ ಬಂದಾಗ ಜ್ವರ, ಬಲಬೆನ್ನಲ್ಲಿ ಚುಚ್ಚುವ ನೋವು, ಏದುಸಿರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸ್ಕ್ಯಾನ್ ಮಾಡಿದೆ. ಮೊದಲು ಎದೆ-ಹೊಟ್ಟೆಯ ನಡುವಿನ ಪರದೆ, ವಪೆಯ ಬಿಳಿ ಗೆರೆ ಹುಡುಕಿದೆ. ಅದರ ಕೆಳಗೆ ಲಿವರ್, ಮೇಲೆ ಶ್ವಾಸಕೋಶ ಎಂದು ನಿನ್ನ ಡಾಕ್ಟರಿ ಪರೀಕ್ಷೆಗೆ ಮುನ್ನ ನಿನ್ನ ತಲೆಗೆ ತುಂಬಿದವಳು ನಾನೇ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಬರೀ ಅಡ್ಡಗೆರೆ ಕಾಣಬೇಕು. ಇಲ್ಲಿ ವಪೆಯ ಮೇಲೂ ಲಿವರಿನಂಥದೇ ಗಟ್ಟಿ ಮಾಂಸ. ಅದರೊಳಗೆ ಬಿಳಿ ಚುಕ್ಕೆಗಳು, ಆಕೆ ಉಸಿರೆಳೆದಂತೆ ಓಡುತ್ತಿದ್ದವು. ಲಿವರಿನೊಳಗೆ ಗಾಳಿ ಓಡಾಡುತ್ತದೇನೋ? ನಿಮೋನಿಯಾ ಎಂದು ಚೀಟಿ ಬರೆದು, ದೊಡ್ಡ ಡಾಕ್ಟರ ಮಾತಿಗೆ ತೂಕವಿರುತ್ತದೆಂದು ಆಕೆಯನ್ನು ಚಿತ್ರದ ಸಮೇತ ನಿನ್ನ ಹತ್ತಿರ ಕಳಿಸಿದೆ.

ನೀನು ಮಷೀನು ಮುಟ್ಟಲಿಲ್ಲ. ನನ್ನ ಚಿತ್ರ ಹಿಡಿದು, ಅವಳ ಮಗ ಮಾಳಿಂಗನ ಎದುರು, ನಿನ್ನ ಸಿಬ್ಬಂದಿಯ ಎದುರು, "ನಮ್ಮಕ್ಕ ಲಿವರ್ ನೋಡಿ ನಿಮೋನಿಯಾ ಅಂತ ಹೆದರ್ಯಾಳ" ಎಂದು ನಕ್ಕೆಯಂತೆ. ಮಾಳಿಂಗ ತಿರುಗಿ ಬಂದು ಹೊರರೋಗಿಗಳ ಸಾಲಿನ ಮುಂದೆಯೇ ಕೇಳಿದ: "ಬಾಯಾರ, ಅಲ್ಲಿ ಸಾಹೇಬ್ರು ಏನೂ ಇಲ್ಲ ಅಂದಾರ. ನಿಮಗ ನೋಡ್ಲಿಕ್ಕರೆ ಬರ್ತದೋ ಇಲ್ಲೋ?"

ಬೇಡವೆಂದರೂ ತಾಯಿಯನ್ನು ಮನೆಗೆ ಕರೆದೊಯ್ದ. ನಾಲ್ಕನೇ ದಿನ ತುಟಿ ನೀಲಿಯಾಗಿ ಮತ್ತೆ ಬಂದಳು. ಸಿ.ಟಿ.ಯಲ್ಲಿ ನಿಮೋನಿಯಾ ಹೌದೆಂದು ಬಂತು. ಬದುಕಿದಳು, ನಿನ್ನ ಪುಣ್ಯ. ಆ ರಿಪೋರ್ಟು ನಿನ್ನ ಫೋನಿಗೆ ಹಾಕಿದರೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾದವನು ನೀನು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಪೂಜೆಗೆ ಮೊದಲು ಮಾಳಿಂಗನ ಮನೆಗೆ ಬಾ. ಅವನ ಎದುರು, ಅವನ ತಾಯಿಯ ಎದುರು, ತಪ್ಪು ನಿನ್ನದೆಂದು ಬಾಯಿಬಿಟ್ಟು ಹೇಳು. ಅಲ್ಲಿಯವರೆಗೆ ನನ್ನ ಹೊಸ್ತಿಲು ತುಳಿಯಬೇಡ. ನಾನಿದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಆರಿದ ಮೇಲೂ ಇದನ್ನೇ ಬರೆಯುತ್ತೇನೆ.

ನಿನ್ನ ಮಗಳು ಸೃಷ್ಟಿ ಚೆನ್ನಾಗಿ ಓದಲಿ. ಶರಣಬಸಪ್ಪ ನಿನಗೆ ಆಯುಷ್ಯ ಕೊಡಲಿ, ಅದರ ಜೊತೆಗೆ ಸ್ವಲ್ಪ ನಾಚಿಕೆಯನ್ನೂ ಕೊಡಲಿ.

ನಿನ್ನ ಅಕ್ಕ,
ಶೀಲಾ

ತಾ.ಕ.: ರೇವಮ್ಮ ಮನೆಯಲ್ಲಿದ್ದ ಆ ನಾಲ್ಕು ದಿನಗಳ ನಡುವೆ ಆಟೋ ಓಡಿಸುವ ಚಂದ್ರಶಾ ಜ್ವರ, ಏದುಸಿರು ಎಂದು ಬಂದಿದ್ದ. ಅವನ ಸ್ಕ್ಯಾನಿನಲ್ಲೂ ವಪೆಯ ಮೇಲೆ ಅದೇ ಗಟ್ಟಿ ಮಾಂಸ, ಅವೇ ಓಡುವ ಚುಕ್ಕೆಗಳು. ನನಗೆ ಸ್ಪಷ್ಟವಾಗಿ ಕಂಡವು. ಮತ್ತೆ ನಗೆಪಾಟಲಾಗುವುದು ಬೇಡವೆಂದು ಕಂಡದ್ದು ಲಿವರ್, ಬೇರೇನಿಲ್ಲ ಎಂದು ಬರೆದು, ಜ್ವರದ ಗುಳಿಗೆ ಕೊಟ್ಟು ಕಳಿಸಿದೆ. ಮೂರನೇ ದಿನ ತೀರಿಕೊಂಡ. ಅವನ ಹೆಂಡತಿ ಭಾಗ್ಯಜ್ಯೋತಿ ನಿನ್ನೆ ಬಂದು ನನ್ನ ಕೈ ಹಿಡಿದು, "ನೀವು ಛಲೋ ನೋಡೀರಿ ಬಾಯಾರ, ಅವರ ಆಯುಷ್ಯನೇ ಅಷ್ಟಿತ್ತು" ಅಂದಳು. ನಾನು ಹೌದವ್ವಾ ಅಂದೆ.